ಹೆಸರು ಕೊಡುವವರು ಬೇಕಾಗಿದ್ದಾರೆ

ಬೆಳಗಾವಿಯಿಂದ ಪಣಜಿಗೆ ಹೋಗುವ ದಾರಿ ಅನಮೋಡದ ಹತ್ತಿರ ಕರ್ನಾಟಕವನ್ನು ಬಿಟ್ಟು ಘಾಟಿಗೆ ಇಳಿಯುತ್ತದೆ. ತಿರುವಿನ ಮೇಲೆ ತಿರುವು, ಎರಡೂ ಕಡೆ ಹಗಲಿನಲ್ಲೂ ಕತ್ತಲೆ ಹಿಡಿದಂತಿರುವ ಕಾಡು. ಘಾಟಿ ಮುಗಿದು ನೆಲ ಸಮವಾದ ಮೇಲೆ ಸಿಗುವ ಊರು ಮೊಲೆಂ. ಒಂದು ತಪಾಸಣಾ ನಾಕಾ, ಅರಣ್ಯ ಇಲಾಖೆಯ ಕಟ್ಟಡ, ನಾಲ್ಕಾರು ಹೋಟೆಲು, ದೂಧಸಾಗರ ನೋಡಲು ಬಂದವರು ಕುಳೆಂ ಕಡೆಗೆ ತಿರುಗುವ ಕೂಡುರಸ್ತೆ. ಆ ಕೂಡುರಸ್ತೆಯ ಒಂದು ಹೋಟೆಲಿನಲ್ಲಿ ಕಳೆದ ಮಳೆಗಾಲದ ಕೊನೆಗೆ ಇಬ್ಬರು ಚಹಾ ಕುಡಿಯುತ್ತ ಕೂತಿದ್ದೆವು. ನನ್ನ ಜೊತೆಗಿದ್ದವಳು ಖಾನಾಪುರದ ಕಡೆಯ ಹುಡುಗಿ. ಬೆಳಗಾವಿಯಲ್ಲಿ ನೌಕರಿ. ಆರು ವರ್ಷದಿಂದ ರಾತ್ರಿ ಊಟವಾದ ಮೇಲೆ ಒಂದು ತಾಸು ಕೂತು ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುತ್ತಾಳೆ. ಅದಕ್ಕೆ ಅವಳಿಗೆ ಒಂದು ಪೈಸೆಯೂ ಬಂದಿಲ್ಲ. ಬೇಕೆಂದು ಅವಳು ಕೇಳಿಯೂ ಇಲ್ಲ.

ನಾವು ಕೆಲಸ ಮಾಡುವ ತಂಡಕ್ಕೆ ಹೊಸ ಸಂಯೋಜಕರು ಬೇಕಾಗಿದ್ದರು. ನೀನು ನಿಲ್ಲು ಎಂದು ಘಾಟಿ ಇಳಿಯುವಾಗಿನಿಂದ ಹೇಳುತ್ತಲೇ ಇದ್ದೆ.

"ಸರ, ಕೆಲಸ ಮಾಡಂದ್ರ ಎಷ್ಟ ಬೇಕಾದ್ರೂ ಮಾಡ್ತೇನ್ರಿ. ಹೆಸರು ಕೊಡೂದು ಬ್ಯಾಡ್ರಿ. ದೊಡ್ಡವರು ಇದ್ದಾರಲ್ರಿ" ಎಂದಳು.

ಈ ಮಾತನ್ನು ನಾನು ಹದಿನೈದು ವರ್ಷದಲ್ಲಿ ಎಷ್ಟು ಜನರ ಬಾಯಿಂದ ಕೇಳಿದ್ದೇನೆಂದು ಎಣಿಸಿಲ್ಲ. ಧಾರವಾಡದಲ್ಲಿ ಕೇಳಿದ್ದೇನೆ, ಮಂಗಳೂರಿನಲ್ಲಿ ಕೇಳಿದ್ದೇನೆ, ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿರುವವರಿಂದಲೂ ಕೇಳಿದ್ದೇನೆ. ಕೆಲಸಕ್ಕೆ ಸಿದ್ಧ, ಹೆಸರಿಗೆ ಸಿದ್ಧವಿಲ್ಲ. ಇದನ್ನು ನಾವು ವಿನಯ ಎನ್ನುತ್ತೇವೆ. ಸ್ವಯಂಸೇವೆಯ ಮೇಲೆ ನಿಂತ ಕೆಲಸಗಳನ್ನು ಈ ವಿನಯ ಮೆಲ್ಲಗೆ ಕೊಲ್ಲುತ್ತದೆ ಎಂಬುದು ನನ್ನ ಅನುಭವ.

ನಾವು ಕೂತಿದ್ದ ಊರೇ ಇದಕ್ಕೆ ಒಂದು ಪಾಠ ಹೇಳುತ್ತದೆ. ಮೊಲೆಂ ರಾಷ್ಟ್ರೀಯ ಉದ್ಯಾನ ಮತ್ತು ಅದನ್ನು ಸುತ್ತುವರಿದ ಭಗವಾನ್ ಮಹಾವೀರ ಅಭಯಾರಣ್ಯ ಸೇರಿ ಸುಮಾರು 240 ಚದರ ಕಿಲೋಮೀಟರ್ ಕಾಡು. ಇದರ ನಡುವೆ ಮೂರು ಯೋಜನೆಗಳು ಒಟ್ಟಿಗೆ ಬಂದವು. ತಿನೈಘಾಟ್‌ನಿಂದ ವಾಸ್ಕೋ ಕಡೆಗೆ ರೈಲು ಹಳಿಯನ್ನು ಜೋಡಿ ಮಾಡುವುದು, ಬೆಳಗಾವಿ–ಪಣಜಿ ಹೆದ್ದಾರಿಯನ್ನು ಅಗಲಿಸುವುದು, ಮತ್ತು ವಿದ್ಯುತ್ ಮಾರ್ಗ. ಮೂರಕ್ಕೂ ಕರ್ನಾಟಕದ ನಂಟಿದೆ. ಮುರ್ಮುಗೋವಾ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಇದೇ ಘಾಟಿ ಹತ್ತಿ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಗೆ ಬರುತ್ತದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಗೋವಾದ ತರುಣ ತರುಣಿಯರು 'ಆಮ್ಚೆಂ ಮೊಲೆಂ', ಅಂದರೆ ನಮ್ಮ ಮೊಲೆಂ, ಎಂಬ ಹೆಸರಿನಲ್ಲಿ ಒಂದಾದರು. ಜೀವವಿಜ್ಞಾನಿಗಳು ಈ ಯೋಜನೆಗಳ ಪರಿಸರ ವರದಿಗಳ ತಪ್ಪುಗಳನ್ನು ಹುಡುಕಿ ಬರೆದರು. ವಕೀಲರು ಕಾನೂನು ನೋಡಿದರು. ಚಿತ್ರಕಾರರು ಕಾಡಿನ ಚಿಟ್ಟೆ, ಕಪ್ಪೆ, ಹಕ್ಕಿಗಳನ್ನು ಬಿಡಿಸಿ ಮನೆಮನೆಗೆ ಮುಟ್ಟಿಸಿದರು. 2020ರ ನವೆಂಬರ್ ಮೊದಲ ದಿನದ ರಾತ್ರಿ ಚಾಂದರ್ ಊರಿನ ರೈಲು ಹಳಿಯ ಬಳಿ ಸಾವಿರಾರು ಜನ ಸೇರಿದರು.

ಆ ಚಳವಳಿಗೆ ಒಬ್ಬ ನಾಯಕ ಅಂತ ಇರಲಿಲ್ಲ. ಅದು ಅದರ ಸೊಗಸು. ಆದರೆ ನ್ಯಾಯಾಲಯದ ಕಟ್ಟೆ ಹತ್ತುವಾಗ ಅರ್ಜಿಯ ಕೆಳಗೆ ಒಂದು ಹೆಸರು ಬೇಕೇ ಬೇಕು. ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿಯ ಮುಂದೆ ಗೋವಾ ಫೌಂಡೇಶನ್ ತನ್ನ ಹೆಸರು ಕೊಟ್ಟಿತು. ಆ ಸಂಸ್ಥೆ 1986ರಿಂದ ಹೀಗೆ ಹೆಸರು ಕೊಡುತ್ತಲೇ ಬಂದಿದೆ. ಸಮಿತಿ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. 2022ರ ಮೇ 9ರಂದು ಸುಪ್ರೀಂ ಕೋರ್ಟು ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಸಾವಿರ ಕೈಗಳ ಕೆಲಸ, ನಿಜ. ಆದರೆ ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತೇನೆ, ಸೋತರೆ ಖರ್ಚು ಹೊರುತ್ತೇನೆ ಎಂದು ಯಾರಾದರೂ ಸಹಿ ಮಾಡದೆ ಆ ತೀರ್ಪು ಬರುತ್ತಿರಲಿಲ್ಲ.

ತಂತ್ರಾಂಶದ ಲೋಕದಲ್ಲಿಯೂ ಲೆಕ್ಕ ಇದೇ. ಡೆಬಿಯನ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಹೆಸರನ್ನು ನೀವು ಕೇಳಿರದೆ ಇರಬಹುದು, ಆದರೆ ಅದರ ಋಣದಲ್ಲಿ ಇದ್ದೇ ಇರುತ್ತೀರಿ. ಉಬುಂಟು ಅದರ ಮೇಲೆ ಕಟ್ಟಿದ್ದು. ಕೇರಳದ ಸರ್ಕಾರಿ ಶಾಲೆಗಳ ಗಣಕಗಳಲ್ಲಿರುವುದು ಅದೇ ವಂಶದ ವ್ಯವಸ್ಥೆ. ನಮ್ಮ ಕೇಂದ್ರ ಸರ್ಕಾರದ ಸಿ-ಡ್ಯಾಕ್ ತಯಾರಿಸಿದ ಬಾಸ್ ಲಿನಕ್ಸ್ ಕೂಡ ಡೆಬಿಯನ್ನಿನ ಕೂಸೇ. ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ 1993ರ ಆಗಸ್ಟ್ 16ರಂದು ಇದನ್ನು ಪ್ರಕಟಿಸಿದ. ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಡೆಬಿಯನ್ ಎಂದು ಕರೆದ. ಇವತ್ತು ಅದರಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ತಂತ್ರಾಂಶದ ಕಟ್ಟುಗಳಿವೆ. ಇದರ ಮಾಲೀಕ ಯಾವ ಕಂಪನಿಯೂ ಅಲ್ಲ. ಜಗತ್ತಿನ ಎಲ್ಲ ಕಡೆ ಹರಡಿರುವ ಸುಮಾರು ಒಂದು ಸಾವಿರ ಅಧಿಕೃತ ಸದಸ್ಯರು, ಅವರ ಜೊತೆಗೆ ಲೆಕ್ಕಕ್ಕೆ ಸಿಗದಷ್ಟು ಸಹಾಯಕರು ಸೇರಿ ನಡೆಸುತ್ತಾರೆ.

ಈ ಸಾವಿರ ಜನರಿಗೆ ಒಂದು ಸಂವಿಧಾನವಿದೆ. 1998ರಲ್ಲಿ ಒಪ್ಪಿಕೊಂಡದ್ದು. ವರ್ಷಕ್ಕೊಮ್ಮೆ ಚುನಾವಣೆ ನಡೆಸಿ ಒಬ್ಬ ನಾಯಕರನ್ನು ಆರಿಸುತ್ತಾರೆ. ಅವಧಿ ಒಂದೇ ವರ್ಷ. ಸಂಬಳವಿಲ್ಲ. ಅದೇ ಸಂವಿಧಾನದಲ್ಲಿ ಇನ್ನೊಂದು ನಿಯಮವಿದೆ, ನನಗೆ ಬಹಳ ಹಿಡಿಸಿದ್ದು. ಯೋಜನೆಗಾಗಿ ಯಾರೂ ಯಾವ ಕೆಲಸವನ್ನೂ ಮಾಡಲೇಬೇಕೆಂಬ ಕಡ್ಡಾಯವಿಲ್ಲ. ಅಂದರೆ ನಾಯಕರು ಯಾರಿಗೂ ಹುಕುಂ ಕೊಡುವಂತಿಲ್ಲ. ಅವರು ಹಣದ ಖರ್ಚಿಗೆ ಒಪ್ಪಿಗೆ ಕೊಡಬಹುದು, ಹೊಣೆಗಳಿಗೆ ಜನರನ್ನು ನೇಮಿಸಬಹುದು, ಹೊರಗಿನವರ ಎದುರು ಯೋಜನೆಯ ಪರವಾಗಿ ಮಾತಾಡಬಹುದು, ಜಗಳವಾಡುತ್ತಿರುವವರನ್ನು ಕೂಡಿಸಿ ಮಾತಾಡಿಸಬಹುದು. ಉಳಿದದ್ದೆಲ್ಲ ಒಲಿಸಿ ಮಾಡಿಸಬೇಕು. ನಮ್ಮ ಊರಿನಲ್ಲಿ ಜಾತ್ರೆ ಕಮಿಟಿಯ ಹಿರಿಯರು ಮಾಡುವುದು ಇದನ್ನೇ. ಬೈದರೆ ತೇರು ಎಳೆಯಲು ಯಾರೂ ಬರುವುದಿಲ್ಲ.

2019ರ ಮಾರ್ಚ್‌ನಲ್ಲಿ ಈ ದೊಡ್ಡ ಸಂಸಾರಕ್ಕೆ ಒಂದು ಗಾಬರಿಯ ಗಳಿಗೆ ಬಂತು. ನಾಮಪತ್ರದ ವಾರ ಮುಗಿಯಿತು, ಒಬ್ಬರೂ ಹೆಸರು ಕೊಟ್ಟಿರಲಿಲ್ಲ. ಸಾವಿರ ಜನರಲ್ಲಿ ಒಬ್ಬರೂ ಇಲ್ಲ! ಆಗಿನ ನಾಯಕ ಕ್ರಿಸ್ ಲ್ಯಾಂಬ್ ಎರಡು ಅವಧಿ ಮುಗಿಸಿದ್ದರು, ಮತ್ತೆ ನಿಲ್ಲಲಿಲ್ಲ. ಸಂವಿಧಾನ ಇಂಥ ದಿನವನ್ನೂ ಊಹಿಸಿತ್ತು. ನಾಮಪತ್ರದ ಗಡುವು ಒಂದು ವಾರ ತಾನಾಗಿ ಮುಂದಕ್ಕೆ ಹೋಯಿತು. ಆ ವಾರದಲ್ಲಿ ಏನಾಯಿತೆಂದರೆ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬೇರೆ ಯಾರೋ ನಿಲ್ಲುತ್ತಾರೆಂದು ಸುಮ್ಮನಿದ್ದದ್ದೇ ತಪ್ಪಾಯಿತೆಂದು ತಿಳಿಯಿತು. ಕೊನೆಗೆ ಮತಪತ್ರದಲ್ಲಿ ನಾಲ್ಕು ಹೆಸರುಗಳಿದ್ದವು. ಯೋರ್ಗ್ ಯಾಸ್ಪರ್ಟ್, ಜೊನಾಥನ್ ಕಾರ್ಟರ್, ಮಾರ್ಟಿನ್ ಮಿಶ್ಲ್‌ಮಾಯರ್, ಸ್ಯಾಮ್ ಹಾರ್ಟ್‌ಮನ್. ಗೆದ್ದವರು ಹಾರ್ಟ್‌ಮನ್. ಅವರಿಗೆ ಕಣ್ಣು ಕಾಣುವುದಿಲ್ಲ. ಮರುವರ್ಷ ಕಾರ್ಟರ್ ಗೆದ್ದರು, ನಾಲ್ಕು ಅವಧಿ ಸೇವೆ ಮಾಡಿದರು. ಒಂದು ವಾರದ ಹಿಂದೆ ಶೂನ್ಯವಿದ್ದ ಪಟ್ಟಿಯಲ್ಲಿ ಮುಂದಿನ ಐದು ವರ್ಷಗಳ ಇಬ್ಬರು ನಾಯಕರೂ ಇದ್ದರು. ಯೋಗ್ಯರು ಇರಲಿಲ್ಲವೆಂದಲ್ಲ. ಅವರಿಗೆ ತಮ್ಮ ಹೆಸರು ಬೇಕಾಗಿದೆ ಎಂದು ಅನ್ನಿಸಿರಲಿಲ್ಲ.

ಅವರ ಚುನಾವಣೆಯ ರೀತಿಯೂ ನಮ್ಮವರು ತಿಳಿಯಬೇಕಾದದ್ದು. ಮತದಾರರು ಒಬ್ಬರಿಗೇ ಮುದ್ರೆ ಒತ್ತುವುದಿಲ್ಲ. ತಮ್ಮ ಇಷ್ಟದ ಕ್ರಮದಲ್ಲಿ ಎಲ್ಲರಿಗೂ ಒಂದು, ಎರಡು, ಮೂರು ಎಂದು ಅಂಕೆ ಹಾಕುತ್ತಾರೆ. ಇಬ್ಬಿಬ್ಬರನ್ನು ಎದುರಾಬದುರು ನಿಲ್ಲಿಸಿ ನೋಡಿದಾಗ ಉಳಿದೆಲ್ಲರನ್ನೂ ಮೀರಿಸುವವರು ಗೆಲ್ಲುತ್ತಾರೆ. ಹೀಗಾಗಿ ಒಂದೇ ಗುಂಪಿನ ಇಬ್ಬರು ನಿಂತರೆ ಮತ ಒಡೆದು ಮೂರನೆಯವರು ಗೆಲ್ಲುವ ಭಯ ಇಲ್ಲ. 'ನೀನು ನಿಂತರೆ ಅವನು ಸೋಲುತ್ತಾನೆ' ಎಂದು ಗೆಳೆಯನನ್ನು ಹಿಂದಕ್ಕೆ ಎಳೆಯಬೇಕಾಗಿಲ್ಲ. ನಮ್ಮ ಸಂಘಗಳಲ್ಲಿ ಎಷ್ಟು ಒಳ್ಳೆಯವರು ಈ ಒಂದು ಮಾತಿಗೆ ಹಿಂದೆ ಸರಿದಿದ್ದಾರೆ, ನೆನೆಸಿಕೊಳ್ಳಿ.

ಮತಪತ್ರದ ಕೊನೆಯಲ್ಲಿ 'ಮೇಲಿನ ಯಾರೂ ಅಲ್ಲ' ಎಂಬ ಸಾಲು ಯಾವಾಗಲೂ ಇರುತ್ತದೆ. ನಮ್ಮ ದೇಶದ ಮತಯಂತ್ರಕ್ಕೂ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ನೋಟಾ ಬಂತು. ಆದರೆ ವಿಧಾನಸಭೆ, ಲೋಕಸಭೆಗಳಲ್ಲಿ ನೋಟಾಕ್ಕೆ ಹೆಚ್ಚು ಮತ ಬಿದ್ದರೂ ಉಳಿದವರಲ್ಲಿ ಮುಂದಿದ್ದವರೇ ಗೆಲ್ಲುತ್ತಾರೆ. ಡೆಬಿಯನ್ನಿನಲ್ಲಿ ಆ ಸಾಲು ಗೆದ್ದರೆ ಚುನಾವಣೆಯನ್ನು ಮತ್ತೆ ನಡೆಸಬೇಕು. 2023ರಲ್ಲಿ ಕಾರ್ಟರ್ ಒಬ್ಬರೇ ನಿಂತಿದ್ದರು. ಆದರೂ ಅವರು ತಮ್ಮ ಯೋಜನೆ ಬರೆದು ಕೊಡಬೇಕಾಯಿತು, ಪ್ರಶ್ನೆಗಳಿಗೆ ಬಹಿರಂಗವಾಗಿ ಉತ್ತರಿಸಬೇಕಾಯಿತು, ಆ ಸಾಲಿನ ವಿರುದ್ಧ ಮತ ಪಡೆದು ಗೆಲ್ಲಬೇಕಾಯಿತು.

ಇದನ್ನು ಓದಿದಾಗ ನನಗೆ ನಮ್ಮ 'ಅವಿರೋಧ ಆಯ್ಕೆ' ನೆನಪಾಯಿತು. ಸಹಕಾರ ಚಳವಳಿ ನಮ್ಮ ಮಣ್ಣಿನದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶಕ್ಕೆ ದಾರಿ ತೋರಿದ ಊರು ಅದು. ಇವತ್ತು ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಹಾಲಿನ ಸಂಘ, ಪತ್ತಿನ ಸಂಘ, ನೌಕರರ ಸಂಘಗಳ ಸುದ್ದಿ ಬಂದಾಗ 'ಅವಿರೋಧವಾಗಿ ಆಯ್ಕೆ' ಎಂಬ ಶೀರ್ಷಿಕೆಯ ಕೆಳಗೆ ಹಾರ ಹಾಕಿಕೊಂಡವರ ಚಿತ್ರವಿರುತ್ತದೆ. ಜಗಳವಿಲ್ಲದೆ ಮುಗಿಯಿತಲ್ಲ ಎಂದು ಊರೂ ಸಮಾಧಾನಪಡುತ್ತದೆ. ಆ ಸಮಾಧಾನದ ಬೆಲೆ ಏನು ಎಂದು ನಾವು ಕೇಳುವುದಿಲ್ಲ. ಎದುರಾಳಿ ಇಲ್ಲದಿದ್ದರೆ ಪ್ರಶ್ನೆ ಇಲ್ಲ. ಪ್ರಶ್ನೆ ಇಲ್ಲದಿದ್ದರೆ, ಮುಂದಿನ ವರ್ಷ ಏನು ಮಾಡುತ್ತೀರಿ ಎಂಬುದನ್ನು ಗೆದ್ದವರೂ ಯೋಚಿಸುವುದಿಲ್ಲ. ನಿಂತು ಸೋತವರಿಲ್ಲದಿದ್ದರೆ ಮುಂದಿನ ಸಲಕ್ಕೆ ಪಳಗಿದವರೂ ಇರುವುದಿಲ್ಲ.

ಸೋತವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮವರ ಹೆದರಿಕೆ ಇರುವುದು ಅಲ್ಲಿಯೇ. ಬ್ರ್ಯಾಂಡನ್ ರಾಬಿನ್ಸನ್ ಎಂಬವರು 2001ರಿಂದ ಪ್ರತಿ ವರ್ಷ ಡೆಬಿಯನ್ ನಾಯಕತ್ವಕ್ಕೆ ನಿಂತರು. ನಾಲ್ಕು ಸಲ ಸೋತರು, 2005ರಲ್ಲಿ ಐದನೆಯ ಸಲ ಗೆದ್ದರು. 2003ರಲ್ಲಿ ಮಿಶ್ಲ್‌ಮಾಯರ್ ಆಗಿನ ನಾಯಕ ಬಿಡೇಲ್ ಗಾರ್ಬೀಯನ್ನು ಮೀರಿಸಿದ್ದು ನಾಲ್ಕೇ ಮತಗಳಿಂದ. ಗಾರ್ಬೀ ಮುನಿಸಿಕೊಂಡು ಹೋಗಲಿಲ್ಲ, ಆಮೇಲೆಯೂ ವರ್ಷಗಟ್ಟಲೆ ಯೋಜನೆಯಲ್ಲಿ ದುಡಿದರು. 2010ರಲ್ಲಿ ಅರ್ಜೆಂಟೀನಾದ ಮಾರ್ಗರೀಟಾ ಮಾಂಟೆರೋಲಾ ನಿಂತರು. ಗೆಲ್ಲಲಿಲ್ಲ. ಆದರೆ ಈ ಹುದ್ದೆಗೆ ಹೆಣ್ಣುಮಗಳೊಬ್ಬಳು ನಿಲ್ಲಬಹುದು ಎಂಬುದು ಅಂದಿನಿಂದ ಬರಿಯ ಮಾತಾಗಿ ಉಳಿಯಲಿಲ್ಲ.

ನಮಗೆ ಇನ್ನೂ ಹತ್ತಿರದ ಹೆಸರು ಶ್ರುತಿ ಚಂದ್ರನ್. ಕೇರಳದವರು. ಓದಿದ್ದು ಗ್ರಂಥಾಲಯ ವಿಜ್ಞಾನ. ಅಲ್ಲಿಂದ ಮುಕ್ತ ತಂತ್ರಾಂಶಕ್ಕೆ ಬಂದು ಡೆಬಿಯನ್ನಿನ ಅಧಿಕೃತ ಸದಸ್ಯರಾದರು. 2020ರಲ್ಲಿ ನಾಯಕತ್ವಕ್ಕೆ ನಿಂತರು. 2021ರಲ್ಲಿ ನಿಂತರು. 2024ರಲ್ಲಿ ನಿಂತರು. 2025ರಲ್ಲಿ ಮತ್ತೆ ನಿಂತರು. ಆ ನಾಲ್ಕು ಸಲವೂ ಗೆಲುವು ಬೇರೆಯವರದಾಯಿತು. 1993ರಿಂದ 2025ರ ಚುನಾವಣೆಯವರೆಗೆ ಆ ಸ್ಥಾನಕ್ಕೆ ಒಬ್ಬ ಮಹಿಳೆಯೂ ಬಂದಿರಲಿಲ್ಲ ಎಂಬುದನ್ನು ಅವರು ನಿಂತಾಗಲೆಲ್ಲ ಎಲ್ಲರೂ ಎದುರಿಗಿಟ್ಟುಕೊಂಡು ಮಾತಾಡಲೇಬೇಕಾಯಿತು. ಎರಡು ಸೋಲುಗಳ ನಡುವೆ ಅವರು ಕೂತು ಕಣ್ಣೀರು ಹಾಕಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್ನಿನ ವಾರ್ಷಿಕ ಜಾಗತಿಕ ಸಮ್ಮೇಳನ ಮೊದಲ ಸಲ ಭಾರತಕ್ಕೆ, ಕೊಚ್ಚಿಗೆ ಬಂತು. ಅದನ್ನು ಹೊತ್ತು ನಡೆಸಿದವರ ಮುಂಚೂಣಿಯಲ್ಲಿ ಅವರಿದ್ದರು. ವೀಸಾ ಪತ್ರದಿಂದ ಊಟದ ತಟ್ಟೆಯವರೆಗೆ ಅಂಥ ಸಮ್ಮೇಳನದ ಹೊಣೆ ಎಷ್ಟೆಂದು ಮನೆಯಲ್ಲಿ ಒಂದು ಮದುವೆ ಮಾಡಿದವರಿಗೂ ಗೊತ್ತಾಗುತ್ತದೆ. ಚುನಾವಣೆಯಲ್ಲಿ ಸೋಲುವುದು ಅವಮಾನ ಎಂದುಕೊಂಡವರು ಈ ಹೆಣ್ಣುಮಗಳನ್ನು ನೋಡಬೇಕು.

ಖಾನಾಪುರದ ಹುಡುಗಿಗೆ ಶ್ರುತಿಯವರ ವಿಷಯ ಹೇಳಿದೆ. ಅವಳು ಚಹಾದ ಲೋಟ ಕೆಳಗಿಟ್ಟು ಕೇಳಿದಳು, "ನಾಲ್ಕ ಸಲಾ ಸೋತ ಮ್ಯಾಲೂ ಮಂದಿ ಏನಂತಾರ ಅಂತ ಅನಿಸಲಿಲ್ಲೇನ್ರಿ ಅವರಿಗೆ?"

ಅವರಿಗೆ ಏನನಿಸಿತೋ ನಾನು ಹೇಳಲಾರೆ. ನಮ್ಮ ಮಂದಿ ಏನೆನ್ನುತ್ತಾರೆಂಬುದು ಮಾತ್ರ ಗೊತ್ತು. 'ಅಧಿಕಾರದ ಆಸೆ' ಎನ್ನುತ್ತಾರೆ. ಸ್ವಯಂಸೇವಾ ಕೆಲಸದಲ್ಲಿ ಇರುವುದು ಅಧಿಕಾರವಲ್ಲ, ಹೊರೆ. ಹೊರೆಗೆ ಹೆಗಲು ಕೊಡುತ್ತೇನೆ ಎಂದವರನ್ನು ಆಸೆಬುರುಕರು ಎಂದು ಕರೆಯುವುದು ಅನ್ಯಾಯ. ಈ ಒಂದು ಮಾತನ್ನು ನಾವು ನಮ್ಮ ಬಾಯಿಂದ ತೆಗೆದುಹಾಕಿದರೂ ಅರ್ಧ ಕೆಲಸ ಆದಂತೆ.

ಒಳ್ಳೆಯವರು ಮುಂದೆ ಬರದಿದ್ದರೆ ಏನಾಗುತ್ತದೆ? ಖಾಲಿ ಕುರ್ಚಿ ಖಾಲಿಯಾಗಿಯೇ ಉಳಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. 2024ರಲ್ಲಿ ಜಗತ್ತು ಬೇರೆಯದನ್ನೇ ಕಂಡಿತು. ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವಿದೆ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಕೆಲಸ ಅದರದು. ಲಿನಕ್ಸ್ ನಡೆಯುವ ಯಂತ್ರಗಳಲ್ಲಿ ಬಹುಮಟ್ಟಿಗೆ ಎಲ್ಲೆಡೆ ಇರುತ್ತದೆ. ಫಿನ್ಲೆಂಡಿನ ಲಾಸೆ ಕಾಲಿನ್ ಎಂಬವರು ಅದನ್ನು ಹಲವು ವರ್ಷ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡರು. ಅವರು ದಣಿದಿದ್ದರು, ಆರೋಗ್ಯವೂ ಕೈಕೊಟ್ಟಿತ್ತು, ಅದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಆಗ 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆ ಬಂದರು. 2021ರಿಂದ ಸಣ್ಣ ಸಣ್ಣ ತಿದ್ದುಪಡಿ ಕಳಿಸುತ್ತ ವಿಶ್ವಾಸ ಗಳಿಸಿದರು. ಕೆಲಸ ನಿಧಾನವಾಗುತ್ತಿದೆ, ಹೊಣೆಯನ್ನು ಬೇರೆಯವರಿಗೆ ಕೊಡಿ ಎಂದು ಬೇರೆ ಬೇರೆ ಹೆಸರುಗಳಿಂದ ಕಾಲಿನ್ ಮೇಲೆ ಒತ್ತಡವೂ ಬಂತು. ಕೊನೆಗೆ ಆ ಹೊಸಬರಿಗೆ ಹೊಣೆಯಲ್ಲಿ ಪಾಲು ಸಿಕ್ಕಿತು. 2024ರ ಆರಂಭದಲ್ಲಿ ಅದೇ ಕೈ ತಂತ್ರಾಂಶದ ಎರಡು ಆವೃತ್ತಿಗಳೊಳಗೆ ಒಂದು ಕಳ್ಳಬಾಗಿಲನ್ನು ಇಟ್ಟಿತು. ದೂರದ ಯಂತ್ರಕ್ಕೆ ಪ್ರವೇಶಿಸುವ ಬೀಗವನ್ನೇ ತೆರೆಯುವಂಥ ಬಾಗಿಲು.

ಅದು ಪತ್ತೆಯಾದದ್ದು ಒಬ್ಬರ ಕಸುಬುದಾರಿಕೆಯಿಂದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಡೆಬಿಯನ್ ಯಂತ್ರದಲ್ಲಿ ಪ್ರವೇಶ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿದರು. ಯಾಕೆಂದು ಕೆದಕುತ್ತ ಹೋಗಿ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಆ ಆವೃತ್ತಿಗಳು ಡೆಬಿಯನ್ನಿನ ಸ್ಥಿರ ಬಿಡುಗಡೆಗೆ ಇನ್ನೂ ಸೇರಿರಲಿಲ್ಲ. ಬದುಕಿಕೊಂಡೆವು.

ತಪ್ಪು ಕಾಲಿನ್ ಅವರದು ಎಂದು ನಾನು ಹೇಳಲಾರೆ. ಅವರ ತಂತ್ರಾಂಶವನ್ನು ಬಳಸುತ್ತಿದ್ದ ಕೋಟ್ಯಂತರ ಯಂತ್ರಗಳ ಹಿಂದೆ ಸಾವಿರಾರು ಸಮರ್ಥ ಎಂಜಿನಿಯರುಗಳಿದ್ದರು. ಅವರಲ್ಲಿ ಒಬ್ಬರು, ನಂಬಿಕೆಗೆ ಅರ್ಹರಾದ ಒಬ್ಬರು, 'ಅಣ್ಣಾ, ಅರ್ಧ ಹೊರೆ ನನಗೆ ಕೊಡು' ಎಂದು ಬಂದಿದ್ದರೆ ಸಾಕಾಗಿತ್ತು. ಬರಲಿಲ್ಲ. ಬಂದದ್ದು ಕಳ್ಳ.

ಈಗ ನಮ್ಮ ಮನೆಯ ಮಾತು. ಕನ್ನಡದ ಗಣಕೀಕರಣ ನಡೆದುಬಂದದ್ದು ಹೆಚ್ಚಾಗಿ ಇಂಥ ಉದಾರಿಗಳಿಂದಲೇ. ಇವತ್ತು ನಾವು ಒತ್ತುವ ಕನ್ನಡ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಅದನ್ನು ತಮ್ಮದೆಂದು ಬೇಲಿ ಹಾಕದೆ ನಾಡಿಗೆ ಬಿಟ್ಟುಕೊಟ್ಟರು. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ, ಸ್ವಯಂಸೇವಕರಿಂದ. ಗ್ನೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಇವೆಲ್ಲ ಕನ್ನಡದಲ್ಲಿ ಕಾಣಿಸುವಂತೆ ಮಾಡಿದವರಲ್ಲಿ ಅನೇಕರು ರಾತ್ರಿ ಊಟದ ನಂತರದ ಒಂದು ತಾಸಿನವರು.

ಅನುವಾದದ ತಂಡದಲ್ಲಿ ಯಾರು ಬೇಕಾದರೂ ಸಾಲುಗಳನ್ನು ಅನುವಾದಿಸಿ ಕೊಡಬಹುದು. ಆದರೆ ಅದನ್ನು ಓದಿ, ತಿದ್ದಿ, ಒಪ್ಪಿಗೆ ಕೊಡುವ ಸಂಯೋಜಕರು ಇರದಿದ್ದರೆ ಆ ಸಾಲು ಬಳಕೆದಾರರ ಪರದೆಗೆ ಬರುವುದಿಲ್ಲ. 'ಫೈಲ್' ಎನ್ನುವುದಕ್ಕೆ ಕಡತ ಎನ್ನಬೇಕೇ, ಫೈಲ್ ಎಂದೇ ಬಿಡಬೇಕೇ? ಒಂದು ತಂತ್ರಾಂಶದಲ್ಲಿ 'ಉಳಿಸು', ಇನ್ನೊಂದರಲ್ಲಿ 'ಉಳಿಸಿ' ಬಂದರೆ ಯಾವುದು ಇರಬೇಕು? 'ರ್‍ಯಾಂಕ್' ಎಂದು ಬರೆದದ್ದು ಅರ್ಕಾವತ್ತಾಗಿ ಮುರಿದು ಕಂಡರೆ ಆ ದೋಷವನ್ನು ಯಾರಿಗೆ, ಯಾವ ಭಾಷೆಯಲ್ಲಿ, ಎಷ್ಟು ಸಲ ಬರೆಯಬೇಕು? ಇಂಥ ಪ್ರಶ್ನೆಗಳಿಗೆ ಹತ್ತು ಜನರ ಹತ್ತು ಅಭಿಪ್ರಾಯ ಕೇಳಿ, ಒಂದು ಕಡೆ ನಿಲ್ಲಿಸಿ, ಇನ್ನು ಮುಂದೆ ಹೀಗೆ ಎಂದು ಹೇಳುವವರು ಬೇಕು.

ನಾನು ದುಡಿದ ಒಂದು ಯೋಜನೆಯಲ್ಲಿ ಸಂಯೋಜಕರು ಬದುಕಿನ ಒತ್ತಡಗಳಲ್ಲಿ ಸಿಕ್ಕಿ ಸುಮ್ಮನಾದರು. ಅನುವಾದಗಳು ಒಪ್ಪಿಗೆಗೆ ಕಾದು ಬಿದ್ದವು. ಒಂದು ಬಿಡುಗಡೆ ಹೋಯಿತು, ಇನ್ನೊಂದು ಹೋಯಿತು. ಕನ್ನಡವಿದ್ದ ಕಡೆ ಮತ್ತೆ ಇಂಗ್ಲಿಷ್ ಬಂದು ಕೂತಿತು. ಹೊಸದಾಗಿ ಬಂದಿದ್ದ ಹುಡುಗರು ತಮ್ಮ ಕೆಲಸ ಎಲ್ಲಿಯೂ ಕಾಣದೆ ಬೇಸತ್ತು ಹೋದರು. ಆಗ ಆ ಹೊಣೆ ಹೊರುವ ಅನುಭವ ನನಗಿತ್ತು. ಹಿರಿಯರಿಗೆ ಬೇಸರವಾದೀತೆಂದು ಸುಮ್ಮನಿದ್ದೆ. ಆ ಹುಡುಗರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಹಿಂದಿನವರು ದಣಿದಿದ್ದರು, ಹೊಣೆ ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದರು ಎಂದು ಆಮೇಲೆ ಅವರೇ ಹೇಳಿದಾಗ ನನಗಾದ ನೋವು ಇನ್ನೂ ಹೋಗಿಲ್ಲ. ಇದೇ ಕಾರಣಕ್ಕೆ ಇವತ್ತು ಯಾರನ್ನೇ ಕಂಡರೂ ನಿಲ್ಲಿ, ನಿಲ್ಲಿ ಎಂದು ಬೆನ್ನು ಹತ್ತುತ್ತೇನೆ.

ಬೆನ್ನು ಹತ್ತುವುದಕ್ಕೂ ಒಂದು ರೀತಿ ಇದೆ. 'ಆಸಕ್ತರು ಮುಂದೆ ಬರಬೇಕು' ಎಂದು ಎಲ್ಲರಿಗೂ ಒಂದೇ ಸಂದೇಶ ಹಾಕಿದರೆ ಯಾರೂ ಬರುವುದಿಲ್ಲ. ಆ ಸಂದೇಶವನ್ನು ಪ್ರತಿಯೊಬ್ಬರೂ ಪಕ್ಕದವರಿಗೆ ಬಂದದ್ದೆಂದು ಓದುತ್ತಾರೆ. ಒಬ್ಬರ ಮನೆಗೆ ಹೋಗಿ, ಅಥವಾ ಅವರಿಗೇ ಒಂದು ಪತ್ರ ಬರೆದು, ನೀವು ಇಂಥ ದಿನ ಇಂಥ ಜಗಳವನ್ನು ಹೀಗೆ ಬಗೆಹರಿಸಿದ್ದನ್ನು ನೋಡಿದ್ದೇನೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ ಎಂದು ಹೇಳಬೇಕು. ಹೆಣ್ಣುಮಕ್ಕಳನ್ನು, ಸಣ್ಣ ಊರಿನವರನ್ನು, ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವವರನ್ನು ಒಂದು ಸಲ ಕೇಳಿ ಬಿಟ್ಟರೆ ಸಾಲದು. ಮೊದಲ 'ಬೇಡ' ಎನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು. ಮನೆಗೆ ಬಂದವರು ಕೂಡ ಮೊದಲ ಸಲ ಊಟ ಬೇಡವೆನ್ನುತ್ತಾರೆ.

ಕೇಳುವವರು ಬರಿಗೈಯಲ್ಲಿ ಹೋಗಬಾರದು. ನೀವು ನಿಂತರೆ ಪತ್ರವ್ಯವಹಾರ ನಾನು ನೋಡುತ್ತೇನೆ, ಲೆಕ್ಕ ಅವಳು ನೋಡುತ್ತಾಳೆ ಎಂದು ಹೊರೆಯ ಪಾಲನ್ನು ಮೊದಲೇ ಹಂಚಿಕೊಳ್ಳಬೇಕು. ಪೈಥಾನ್ ಭಾಷೆಯ ಯೋಜನೆಯಲ್ಲಿ ಅದನ್ನು ಹುಟ್ಟಿಸಿದ ಗಿಡೋ ವಾನ್ ರಾಸಮ್ 2018ರ ಜುಲೈನಲ್ಲಿ ಹೊಣೆ ಇಳಿಸಿದರು. ಸದಸ್ಯರು ಮತ ಹಾಕಿ, ಒಬ್ಬರ ಬದಲು ಐವರ ಮಂಡಳಿಯನ್ನು ಒಪ್ಪಿದರು. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಇರಬಾರದೆಂಬ ನಿಯಮ ಮಾಡಿದರು. 2019ರ ಮೊದಲ ಮಂಡಳಿಗೆ ಗಿಡೋ ಅವರೂ ಐವರಲ್ಲಿ ಒಬ್ಬರಾಗಿ ಗೆದ್ದು ಬಂದರು. ಒಬ್ಬರ ಬೆನ್ನಿಗೆ ಭಾರವಾದದ್ದನ್ನು ಐವರು ಹೊರಬಹುದು ಎಂಬ ಸರಳ ಬುದ್ಧಿ. ನಮ್ಮ ಸಣ್ಣ ತಂಡಗಳಿಗೆ ಐವರು ಸಿಗಲಿಕ್ಕಿಲ್ಲ. ಇಬ್ಬರು ಸಿಗುತ್ತಾರೆ.

ಅವಧಿಯೂ ಮೊದಲೇ ಗೊತ್ತಿರಬೇಕು. 'ಒಂದು ವರ್ಷ, ಆಮೇಲೆ ಬಿಡಬಹುದು' ಎಂದರೆ ಒಪ್ಪುವ ಜನ, 'ಇನ್ನು ಮುಂದೆ ನೀವೇ' ಎಂದರೆ ಓಡಿಹೋಗುತ್ತಾರೆ. ಕೂತವರು ಏಳದೆ ಇರುವುದೂ ಒಂದು ರೋಗ. ಇಟಲಿಯ ಸ್ಟೆಫಾನೊ ಝಾಕಿರೋಲಿ 2010ರಿಂದ ಮೂರು ಅವಧಿ ಡೆಬಿಯನ್ನನ್ನು ನಡೆಸಿ, 2013ರಲ್ಲಿ ಮತ್ತೆ ನಿಲ್ಲದೆ ಜಾಗ ಬಿಟ್ಟರು. ಕನ್ನಡದ ತಂಡಗಳಲ್ಲಿ ಹತ್ತು ಹನ್ನೆರಡು ವರ್ಷ ಹೊಣೆ ಹೊತ್ತು ದಣಿದವರು ಇದ್ದೀರಿ. ನಿಮ್ಮ ಉಪಕಾರ ದೊಡ್ಡದು. ನಿಮಗೆ ನನ್ನದೊಂದು ವಿನಂತಿ: ಬಿಡುವ ದಿನವನ್ನು ಆರು ತಿಂಗಳು ಮೊದಲೇ ಹೇಳಿ, ಆ ಆರು ತಿಂಗಳು ಬರುವವರ ಪಕ್ಕದಲ್ಲಿ ಕೂತುಕೊಳ್ಳಿ.

ಮೊಲೆಂನ ಹೋಟೆಲಿನಲ್ಲಿ ಎರಡನೆಯ ಸುತ್ತಿನ ಚಹಾ ಮುಗಿಯುವ ಹೊತ್ತಿಗೆ ಹೊರಗೆ ಮಳೆ ನಿಂತಿತ್ತು. ಕುಳೆಂ ಕಡೆಯಿಂದ ರೈಲಿನ ಕೂಗು ಕೇಳಿಸಿತು. ಹುಡುಗಿ ಬಹಳ ಹೊತ್ತು ಏನೂ ಹೇಳಲಿಲ್ಲ. ಬಸ್ಸು ಹತ್ತುವ ಮೊದಲು ಕೇಳಿದಳು, "ನಾ ನಿಂತ್ರ ನೀವು ಜೋಡಿ ಇರ್ತೀರೇನ್ರಿ ಸರ? ಒಪ್ಪಿಗಿ ಕೊಡೂ ಕೆಲಸ ಅರ್ಧಾ ನೀವು ಮಾಡ್ಬೇಕ್ರಿ ಮತ್ತ."

"ಮಾಡ್ತೇನವಾ" ಎಂದೆ. ವಾರಕ್ಕೆ ಎರಡು ರಾತ್ರಿ ಎಂದು ಅಲ್ಲೇ ಮಾತಾಯಿತು. ಪಣಜಿ ಮುಟ್ಟುವುದರೊಳಗೆ ಅವಳು ಫೋನಿನಲ್ಲಿಯೇ ತನ್ನ ಹೆಸರು ಬರೆದು ಕಳಿಸಿದಳು. ಇನ್ನೊಬ್ಬರೂ ನಿಂತಿದ್ದಾರೆ, ಮೈಸೂರಿನವರು, ಒಳ್ಳೆಯ ಕೆಲಸಗಾರರು. ಸ್ಪರ್ಧೆ ಇದೆ.

ಓದುಗರಲ್ಲಿ ಕನ್ನಡದ ಯಾವುದಾದರೂ ಮುಕ್ತ ತಂತ್ರಾಂಶ ತಂಡದಲ್ಲಿ, ವಿಕಿಪೀಡಿಯದಲ್ಲಿ, ಅಕ್ಷರವಿನ್ಯಾಸದ ಗುಂಪಿನಲ್ಲಿ ಇರುವವರಿದ್ದರೆ ಕೇಳಿಕೊಳ್ಳುತ್ತೇನೆ. ನಿಮ್ಮ ಸಂಯೋಜಕರ ಅವಧಿ ಯಾವಾಗ ಮುಗಿಯುತ್ತದೆಂದು ಈ ವಾರ ವಿಚಾರಿಸಿ. ನಿಮ್ಮ ನಡುವೆ ಸುಮ್ಮನೆ ಕೆಲಸ ಮಾಡುತ್ತಿರುವ ಒಬ್ಬರಿಗೆ ಹೆಸರು ಹಿಡಿದು ಪತ್ರ ಬರೆಯಿರಿ. ಅವರು ಬೇಡವೆಂದರೆ ಇನ್ನೊಂದು ವಾರ ಬಿಟ್ಟು ಮತ್ತೆ ಬರೆಯಿರಿ.